ಆಕಾರ ಬದಲಾದರೂ ಉಳಿಯುವುದೇನು?

ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಉಂಗುರವನ್ನು ಎಳೆದು ನೋಡಿ. ಅಳತೆ ಬದಲಾಗುತ್ತದೆ, ದುಂಡಗಿದ್ದದ್ದು ಉದ್ದವಾಗುತ್ತದೆ. ಆದರೆ ಹರಿಯುವವರೆಗೂ ಅದು ಒಂದೇ ತುಂಡು, ನಡುವೆ ಒಂದೇ ತೂತು. ಹೀಗೆ ಉಳಿಯುವ ಗುಣಗಳನ್ನು ಹುಡುಕುವ ಗಣಿತವೇ ಟೋಪಾಲಜಿ. 1847ರಲ್ಲಿ ಜರ್ಮನಿಯ ಲಿಸ್ಟಿಂಗ್ ಈ ಹೆಸರನ್ನು ಅಚ್ಚಿಗೆ ತಂದರು. ಬಿಂದುವಿಗೆ ಬಿಂದು ಜೋಡಿಸಿ, ಹೋಗುವಾಗಲೂ ಮರಳುವಾಗಲೂ ನೆರೆಹೊರೆ ಕೆಡದಂತೆ ಕಾಯುವ ಹೊಂದಾಣಿಕೆಗೆ ಹೋಮಿಯೋಮಾರ್ಫಿಸಂ ಎಂದು ಹೆಸರು.

ಇದಕ್ಕೆ 'ಐಡಿಯಲ್' ಸೇರಿದರೆ? ಐಡಿಯಲ್ ಎಂದರೆ ಲೆಕ್ಕಕ್ಕೆ ಹಿಡಿಯದ ಕ್ಷುಲ್ಲಕ ಗಣಗಳ ಪಟ್ಟಿ. ಕ್ಷುಲ್ಲಕದ ಭಾಗವೂ ಕ್ಷುಲ್ಲಕ. ಎರಡು ಕ್ಷುಲ್ಲಕಗಳು ಕೂಡಿದರೂ ಕ್ಷುಲ್ಲಕ. ಪೋಲೆಂಡಿನ ಕುರಟೋವ್‌ಸ್ಕಿ ತೋರಿದ ಈ ದಾರಿಯನ್ನು 1940ರ ದಶಕದಲ್ಲಿ ಮದರಾಸಿನ ಆರ್. ವೈದ್ಯನಾಥಸ್ವಾಮಿ ಬೆಳೆಸಿದರು. ಅವರ ಪ್ರಬಂಧ ಪ್ರಕಟವಾದದ್ದು 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ಸಂಖ್ಯಾರೇಖೆಯ ಮೇಲಿನ ಭಿನ್ನರಾಶಿಗಳನ್ನೇ ತೆಗೆದುಕೊಳ್ಳಿ. ಯಾವ ಬಿಂದುವಿನ ಸುತ್ತ ಎಷ್ಟೇ ಕಿರಿದಾಗಿ ನೋಡಿದರೂ ಅವು ಅನಂತವಾಗಿವೆ. ಮುಗಿಯುವಷ್ಟು ಸಣ್ಣ ಗಣಗಳು ಮಾತ್ರ ಕ್ಷುಲ್ಲಕ ಎಂದರೆ, ಭಿನ್ನರಾಶಿಗಳು ರೇಖೆಯ ಎಲ್ಲೆಡೆಯೂ ಲೆಕ್ಕಕ್ಕೆ ಬರುತ್ತವೆ. ಒಂದು, ಎರಡು, ಮೂರು ಎಂದು ಸಾಲಾಗಿ ಎಣಿಸಬಹುದಾದ ಗಣಗಳೆಲ್ಲ ಕ್ಷುಲ್ಲಕ ಎಂದರೆ, ಅವು ಎಲ್ಲಿಯೂ ಲೆಕ್ಕಕ್ಕಿಲ್ಲ. ಏಕೆಂದರೆ ಭಿನ್ನರಾಶಿಗಳನ್ನು ಹಾಗೆ ಎಣಿಸಬಹುದು. ರೇಖೆ ಅದೇ, ಬಿಂದುಗಳೂ ಅವೇ. ಉತ್ತರ ಮಾತ್ರ ತಲೆಕೆಳಗು.

ಆದ್ದರಿಂದ ಇಲ್ಲಿ ಹೋಮಿಯೋಮಾರ್ಫಿಸಂ ಒಂದೇ ಸಾಲದು. ಇಲ್ಲಿ ಕ್ಷುಲ್ಲಕವಾದದ್ದು ಅಲ್ಲಿಯೂ ಕ್ಷುಲ್ಲಕವಾಗಬೇಕು, ಅಲ್ಲಿಯದು ಇಲ್ಲಿಯೂ. ಆಗ ಮಾತ್ರ ಐಡಿಯಲ್ ಆಧರಿಸಿದ ಗುಣಗಳು ಕೆಡದೆ ದಾಟುತ್ತವೆ. ಎರಡು ಲೋಕಗಳು ಒಂದೇ ಎನ್ನುವ ಮುನ್ನ, ಅವು ಯಾವುದನ್ನು ಕಡೆಗಣಿಸುತ್ತವೆ ಎಂಬುದನ್ನೂ ಕೇಳಬೇಕು.