ಬಾನಿನಲ್ಲಿ ಬಿಡಾರ: ನೆಲವೋ, ಬಯಲೋ?

(ಚೆನ್ನೈಯ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಶ್ರೀಹರಿಕೋಟೆಯಿಂದ ರಾಕೆಟ್ ಏರುವ ದಿನ ಈ ನಗರದ ಎಷ್ಟೋ ಮನೆಗಳ ತಾರಸಿಯ ಮೇಲೆ ಜನ ಉತ್ತರಕ್ಕೆ ಮುಖಮಾಡಿ ನಿಲ್ಲುತ್ತಾರೆ. ಆ ಬೆಂಕಿಯ ಗೆರೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದಲ್ಲಿ. ಅದರ ಮುಂದಾಳು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್. ಅದು ೧೯೭೫ರ ಮಾತು. ಇಂದಿನ ಪ್ರಶ್ನೆ ಬೇರೆ. ಮನುಷ್ಯ ಭೂಮಿಯಾಚೆ ನೆಲೆಸುವುದೇ ಆದರೆ ಚಂದ್ರ, ಮಂಗಳಗಳ ನೆಲದ ಮೇಲೋ, ನಡುವಣ ಬಯಲಿನಲ್ಲೋ? ಊರು ಬಿಟ್ಟು ಬಂದ ನಮಗೆ ಇದು ತೀರ ಪರಕೀಯವಾದ ಪ್ರಶ್ನೆಯಲ್ಲ.

ಮೊದಲು ಲೆಕ್ಕ ನೋಡೋಣ. ೨೦೨೩ರಲ್ಲಿ ಚಂದ್ರಯಾನ-೩ನ್ನು ಹೊತ್ತ ರಾಕೆಟ್ಟಿನ ತೂಕ ಸುಮಾರು ೬೪೦ ಟನ್. ನೌಕೆಯ ತೂಕ ಸುಮಾರು ೩,೯೦೦ ಕಿಲೊ. ಅದರಲ್ಲಿ ಇಳಿಯಲು ಹೊರಟ ಭಾಗ, ಇಂಧನವೂ ಸೇರಿ, ೧,೭೫೨ ಕಿಲೊ. ಚಂದ್ರನ ಮಣ್ಣಿನ ಮೇಲೆ ಓಡಾಡಿದ ‘ಪ್ರಜ್ಞಾನ್’ ಬಂಡಿ ೨೬ ಕಿಲೊ. ನಮ್ಮ ಮನೆಗೆ ತರುವ ಒಂದು ಅಕ್ಕಿಚೀಲದಷ್ಟು! ಎರಡು ವಾರದ ಹಗಲು ಮುಗಿದು ಅಷ್ಟೇ ದೀರ್ಘವಾದ ರಾತ್ರಿ ಕವಿದಾಗ ಮಲಗಿದ ಆ ಯಂತ್ರಗಳು ಮತ್ತೆ ಏಳಲಿಲ್ಲ.

ಇದರ ಕಾರಣ ಸರಳ. ಗ್ರಹದ ನೆಲವೆಂದರೆ ಬಾವಿಯ ತಳ. ಒಂದು ಬಾವಿಯಿಂದ ಹರಸಾಹಸ ಮಾಡಿ ಮೇಲೇರಿ ಇನ್ನೊಂದಕ್ಕೆ ಇಳಿಯುತ್ತೇವೆ. ಅಲ್ಲಿ ದುಡಿದುದನ್ನು ಮಾರಲು ಮತ್ತೆ ಏರಬೇಕು. ಅಮೆರಿಕದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ೧೯೭೪ರಲ್ಲೇ ಈ ತೊಡಕನ್ನು ಕಂಡು, ಬಯಲಿನಲ್ಲೇ ಸುತ್ತುವ ಬೃಹತ್ ವಸತಿಗಳನ್ನು ಚಂದ್ರನ ಸಾಮಗ್ರಿಯಿಂದ ಕಟ್ಟುವ ಯೋಜನೆಯನ್ನು ಮುಂದಿಟ್ಟರು. ಭೂಮಿಯ ಹಿಡಿತದಿಂದ ಪಾರಾಗಲು ಸೆಕೆಂಡಿಗೆ ೧೧.೨ ಕಿಲೊಮೀಟರ್ ವೇಗ ಬೇಕು; ಚಂದ್ರನಿಂದ ೨.೪ ಸಾಕು. ಅಂದರೆ ಒಂದು ಕಿಲೊ ಸಾಮಗ್ರಿಗೆ ತಗಲುವ ಶಕ್ತಿ ಇಪ್ಪತ್ತೆರಡರಲ್ಲಿ ಒಂದು ಪಾಲು. ಮಂಗಳದಲ್ಲಿ ಬಿಸಿಲು ಇಲ್ಲಿಯ ಅರ್ಧಕ್ಕಿಂತ ಕಡಿಮೆ, ಮೈತೂಕ ನೂರಕ್ಕೆ ೩೮. ಸುತ್ತುವ ವಸತಿಯಲ್ಲಾದರೋ ಬೇಕಾದಷ್ಟು ತೂಕವನ್ನು ನಾವೇ ಉಂಟುಮಾಡಿಕೊಳ್ಳಬಹುದು.

ಬಯಲಿನ ಪಕ್ಷವೂ ನಿರ್ದುಷ್ಟವಲ್ಲ. ಮಾರಕ ವಿಕಿರಣವನ್ನು ತಡೆಯಲು ಗ್ರಹದಲ್ಲಿ ಮಣ್ಣಾದರೂ ಇದೆ. ಬಯಲಿನಲ್ಲಿ ಅದನ್ನೂ ಹೊತ್ತು ತರಬೇಕು. ನೀರಿನ ಬೆಲೆ ನಮಗೆ ಗೊತ್ತು. ೨೦೧೯ರಲ್ಲಿ ಜೋಲಾರಪೇಟೆಯಿಂದ ಈ ನಗರಕ್ಕೆ ರೈಲಿನಲ್ಲಿ ನೀರು ಬಂತು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಬೆವರು, ಮೂತ್ರಗಳನ್ನೂ ಶುದ್ಧಗೊಳಿಸಿ ನೂರಕ್ಕೆ ೯೮ ಪಾಲು ನೀರನ್ನು ಮರಳಿ ಪಡೆಯುವುದು ೨೦೨೩ರಲ್ಲಿ ಸಾಧ್ಯವಾಯಿತು. ಆದರೂ ಅಲ್ಲಿ ಸಾಮಾನ್ಯವಾಗಿ ಇರುವವರು ಏಳು ಮಂದಿ. ಅವರ ಅನ್ನ ಭೂಮಿಯಿಂದಲೇ ಹೋಗಬೇಕು.

ಹಾಗಾದರೆ ತೀರ್ಮಾನವೇನು? ದುಡಿಮೆ ಇದ್ದಲ್ಲಿ ನೆಲೆ ಮೂಡುತ್ತದೆ. ನೆಲೆ ಕಂಡಲ್ಲೆಲ್ಲ ದುಡಿಮೆ ಹುಟ್ಟುವುದಿಲ್ಲ. ದಕ್ಷಿಣ ಕನ್ನಡದಿಂದ ಮದರಾಸಿಗೆ ಬಂದ ಹೋಟೆಲಿನವರು ಹೊಲ ಹುಡುಕಿಕೊಂಡು ಬಂದವರಲ್ಲ, ಗಿರಾಕಿಗಳಿದ್ದಲ್ಲಿಗೆ ಬಂದವರು. ಅಂತರಿಕ್ಷದ ಗಿರಾಕಿ ಇಂದಿಗೂ ಭೂಮಿಯೊಂದೇ. ದೂರದರ್ಶನ, ಹವಾಮಾನ, ದಾರಿ ತೋರುವ ಸಂಕೇತ, ಇವೆಲ್ಲ ಕಕ್ಷೆಯಿಂದಲೇ ಬರುತ್ತಿವೆ. ಮಂಗಳದಿಂದ ಭೂಮಿಗೆ ಮಾರಾಟವಾಗಿ ಬಂದ ಸರಕು ಒಂದೂ ಇಲ್ಲ. ಆದ್ದರಿಂದ ನಾನು ಭೂಮಿಗೆ ಸಮೀಪದ ಬಯಲಿನ ಪಕ್ಷ. ೨೦೨೫ರ ಜನವರಿಯಲ್ಲಿ ನಮ್ಮವರು ಎರಡು ಉಪಗ್ರಹಗಳನ್ನು ಬಾನಿನಲ್ಲಿ ಜೋಡಿಸಿದರು. ೨೦೩೫ರ ವೇಳೆಗೆ ನಮ್ಮದೇ ನಿಲ್ದಾಣ ಕಟ್ಟುವ ಸಂಕಲ್ಪವಿದೆ. ದಾರಿ ಸರಿಯಾಗಿದೆ.

ಆದರೆ ವೆಚ್ಚದ ಲೆಕ್ಕದಲ್ಲಿ ಬಾರದ ಒಂದು ಮಾತುಂಟು. ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು, ಬೇತಮಂಗಲದಿಂದ ನೀರು ಬಂತು. ತಮಿಳು ನಾಡಿನಿಂದ ಸಾವಿರಾರು ಕುಟುಂಬಗಳು ಬಂದು ಪಾತಾಳದಲ್ಲಿ ದುಡಿದವು. ೨೦೦೧ರಲ್ಲಿ ಗಣಿ ಮುಚ್ಚಿತು. ನಾವು ಇಲ್ಲಿಗೆ ಬಂದಂತೆ ಅಲ್ಲಿಗೆ ಹೋಗಿದ್ದ ಆ ಜನ ಹೇಗೆ ಉಳಿದರು? ಬೆಂಗಳೂರಿಗೆ ರೈಲಿತ್ತು. ಮುಂಜಾನೆ ಹತ್ತಿ, ದುಡಿದು, ರಾತ್ರಿ ಮನೆಗೆ ಮರಳುವವರು ಇಂದಿಗೂ ಸಾವಿರಾರು ಮಂದಿ.

ಮಂಗಳಕ್ಕೆ ಹೊರಡುವ ಅನುಕೂಲ ಕಾಲ ಸುಮಾರು ೨೬ ತಿಂಗಳಿಗೊಮ್ಮೆ ಬರುತ್ತದೆ. ಅಲ್ಲಿ ಕಂಪನಿ ಬಾಗಿಲು ಹಾಕಿದರೆ ಕೂಲಿಯವನು ಹತ್ತುವುದು ಯಾವ ರೈಲನ್ನು? ಉಸಿರಾಡುವ ಗಾಳಿಯೂ ಒಡೆಯನದಾಗಿರುವಾಗ ಅವನು ಸಂಬಳ ಕೇಳಿ ಮುಷ್ಕರ ಹೂಡುವುದು ಹೇಗೆ? ಕಕ್ಷೆಯ ವಸತಿಯಿಂದಾದರೆ ಕೆಲವೇ ಗಂಟೆಗಳಲ್ಲಿ ಮರಳಬಹುದು. ಆದರೆ ಗಾಳಿಯ ಒಡೆತನದ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ. ಮೊದಲ ವಸತಿಗೆ ಬಾಡಿಗೆ ಗೊತ್ತುಮಾಡುವ ಮುನ್ನ ಗಾಳಿ, ನೀರು, ಮರಳಿ ಬರುವ ಹಕ್ಕು, ಇವು ಯಾರ ಸ್ವತ್ತೂ ಅಲ್ಲವೆಂದು ಕಾನೂನು ಆಗಬೇಕು.

ರಾತ್ರಿ ಸೆಂಟ್ರಲ್ಲಿನಲ್ಲಿ ರೈಲು ಹತ್ತಿದರೆ ಮರುದಿನ ಮಂಗಳೂರು. ಆ ಭರವಸೆಯಿಂದಲೇ ನಾವು ಇಲ್ಲಿ ನಿಶ್ಚಿಂತರಾಗಿ ಬೇರು ಬಿಟ್ಟೆವು. ನಮ್ಮ ಮೊಮ್ಮಕ್ಕಳಲ್ಲಿ ಯಾರಾದರೂ ಬಾನಿಗೆ ಬಿಡಾರ ಕಟ್ಟಲು ಹೊರಟರೆ, ಅವರಿಗೂ ಆ ಭರವಸೆ ಇರಲಿ.