ಹಾಗರಳಿಗೆ ಕಂಡ ಬಾವಿ
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ನಸುಕಿನಲ್ಲಿ ಕೊಡ ಹಿಡಿದು ನಲ್ಲಿಯ ಸರದಿಯಲ್ಲಿ ನಿಂತ ನಮಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರೈಸ್ತರ ಸತ್ಯವೇದದ ನಾಡೂ ನೀರಿಗೆ ಬಾಯ್ಬಿಡುವ ನಾಡೇ. ಆದುದರಿಂದ ಅಲ್ಲಿ ದೇವರ ಕೃಪೆಗೆ ಮೇಲಿಂದ ಮೇಲೆ ನೀರಿನ ಹೋಲಿಕೆ ಬರುತ್ತದೆ.

ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಹಾಗರಳ ಕಥೆಯಿದೆ. ಆಕೆ ಐಗುಪ್ತ ದೇಶದವಳು. ಅಬ್ರಹಾಮನ ಮನೆಯ ದಾಸಿ. ಅವನಿಂದಲೇ ಅವಳಿಗೆ ಇಷ್ಮಾಯೇಲನೆಂಬ ಮಗ ಹುಟ್ಟಿದ್ದನು. ಒಡತಿ ಸಾರಳಿಗೆ ಇವರು ಬೇಡವಾದರು. ಒಂದು ಬೆಳಿಗ್ಗೆ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಕೊಟ್ಟು ತಾಯಿಮಗನನ್ನು ಹೊರಗೆ ಕಳುಹಿಸಿದರು. ಬೇರ್ಷೆಬದ ಅಡವಿಯಲ್ಲಿ ನೀರು ಮುಗಿಯಿತು. ಮಗನನ್ನು ಪೊದೆಯ ಕೆಳಗೆ ಬಿಟ್ಟು, ಅವನ ಸಾವನ್ನು ನೋಡಲಾರದೆ, ತಾಯಿ ದೂರ ಕುಳಿತು ಅತ್ತಳು. ದೇವರು ಹುಡುಗನ ಮೊರೆ ಕೇಳಿದನು. ಇಷ್ಮಾಯೇಲ ಎಂದರೆ 'ದೇವರು ಕೇಳುತ್ತಾನೆ' ಎಂದೇ ಅರ್ಥ. ಅಲ್ಲಿ ದೇವರು ಹೊಸ ಬಾವಿ ತೋಡಿದನೆಂದು ಗ್ರಂಥ ಹೇಳುವುದಿಲ್ಲ. ತಾಯಿಯ ಕಣ್ಣು ತೆರೆಸಿದನು, ಬಾವಿ ಕಂಡಿತು ಎನ್ನುತ್ತದೆ.

ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ, ನಡುಹಗಲಿನಲ್ಲಿ ದಣಿದ ಯೇಸುಸ್ವಾಮಿ ಯಾಕೋಬನ ಬಾವಿಯ ಬಳಿ ಕುಳಿತು ಸಮಾರ್ಯದ ಹೆಂಗಸೊಬ್ಬಳನ್ನು ಕುಡಿಯಲು ನೀರು ಕೇಳುತ್ತಾರೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿರಲಿಲ್ಲ, ಅವಳೇ ಬೆರಗಾದಳು. ಜೀವಜಲ ಕೊಡುವೆನೆಂದವರೇ ಮೊದಲು ಅವಳ ಮುಂದೆ ಕೈಯೊಡ್ಡಿದರು.

ನೀರು ದೇವರ ಕೊಡುಗೆಯೆಂದ ಮೇಲೆ ಅದಕ್ಕೆ ಅಡ್ಡ ನಿಲ್ಲಲು ನಾವು ಯಾರು? ನಮ್ಮ ಚಾಳಿನಲ್ಲಿ ಹೊಸಬರ ಕೊಡವನ್ನು ಸರದಿಯಿಂದ ಹೊರಗೆ ಸರಿಸಿದ್ದನ್ನು ನಾವು ಕಂಡಿದ್ದೇವೆ, ಕಂಡೂ ಸುಮ್ಮನಿದ್ದೆವು. ಇನ್ನು ಮುಂದೆ ಹಾಗೆ ಸುಮ್ಮನಿರಲಾರೆವು.