ಹಳೆಯ ಔಷಧ, ಹೊಸ ಉಪಯೋಗ
(ಸಂಘದ ಬೆಳ್ಳಿಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ತುಂಬಿದ ನಮ್ಮ ಹಾಲಿನ ಸಂಘಕ್ಕೆ ಮೊದಲು ನನ್ನ ಅಭಿನಂದನೆಗಳು. ಈ ಊರಿನ ಮಗಳಾಗಿ ಹುಟ್ಟಿ ಡಾಕ್ಟರಾದ ನನಗೆ ಈ ವೇದಿಕೆ ಹತ್ತುವುದೆಂದರೆ ತವರಿಗೆ ಬಂದ ಹಾಗೆ.

ಕೆಲವು ತಿಂಗಳ ಹಿಂದೆ ಪಕ್ಕದ ಊರಿನ ರೈತರೊಬ್ಬರು ಫೋನ್ ಮಾಡಿದ್ದರು. ಅವರ ಹೆಂಡತಿಗೆ ಸ್ತನ ಕ್ಯಾನ್ಸರ್. ಆಪರೇಷನ್‌ಗೆ ದಿನ ಗೊತ್ತಾಗಿತ್ತು. "ಅಮ್ಮಾ, ದನಕ್ಕೆ ಕೊಡೋ ಜಂತುಹುಳದ ಮಾತ್ರೆ ತಗೊಂಡ್ರೆ ಕ್ಯಾನ್ಸರ್ ಹರಡೋದಿಲ್ವಂತೆ, ಮೊಬೈಲಲ್ಲಿ ಬಂದಿದೆ. ಚಾಕು ತಾಗಿಸಿದ್ರೆ ಹರಡ್ತದೆ ಅಂತಾರೆ. ಆಪರೇಷನ್ ಬಿಟ್ಟು ಮಾತ್ರೆನೇ ಕೊಡ್ಲಾ?" ಅಂದರು. ಅವರು ದಡ್ಡರಲ್ಲ, ಹೆದರಿದವರು. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ.

ಬೇರೆ ಕಾಯಿಲೆಗೆ ಬಳಸುತ್ತಿದ್ದ ಹಳೆಯ ಔಷಧದಿಂದ ಕ್ಯಾನ್ಸರ್ ಹರಡುವುದನ್ನು ತಡೆಯಬಹುದೇ? ಈ ಪ್ರಶ್ನೆ ಹುಚ್ಚು ಪ್ರಶ್ನೆಯಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳೇ ಇದನ್ನು ಪರೀಕ್ಷಿಸಿವೆ.

ಹಲ್ಲು ಕೀಳುವ ಮೊದಲು ವಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರಲ್ಲ, ಅದರ ಹೆಸರು ಲಿಗ್ನೋಕೇನ್. 1940ರ ದಶಕದಿಂದ ಬಳಕೆಯಲ್ಲಿದೆ, ಬೆಲೆಯೂ ಕಡಿಮೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಇದನ್ನು ಸ್ತನ ಕ್ಯಾನ್ಸರ್ ಆಪರೇಷನ್ನಿನಲ್ಲಿ ಪರೀಕ್ಷಿಸಿದರು. ದೇಶದ 11 ಕೇಂದ್ರಗಳು ಕೈಜೋಡಿಸಿದವು. ಅರ್ಧದಷ್ಟು ಮಹಿಳೆಯರಿಗೆ ಗಡ್ಡೆಯ ಸುತ್ತ ಇಂಜೆಕ್ಷನ್ ಕೊಟ್ಟು, 7ರಿಂದ 10 ನಿಮಿಷ ಕಾದು, ಆಮೇಲೆ ಗಡ್ಡೆ ತೆಗೆದರು. ಉಳಿದವರಿಗೆ ಮಾಮೂಲಿನಂತೆ ಆಪರೇಷನ್. 1,583 ಮಹಿಳೆಯರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಐದು ವರ್ಷದ ಲೆಕ್ಕದಲ್ಲಿ ಇಂಜೆಕ್ಷನ್ ಪಡೆದ ನೂರರಲ್ಲಿ 90 ಮಂದಿ ಬದುಕಿದ್ದರು, ಪಡೆಯದವರಲ್ಲಿ 86. ನೂರಕ್ಕೆ ನಾಲ್ಕು ಅಂದರೆ ನಾಲ್ಕು ಮನೆಯ ದೀಪ!

ಇದು ಹೇಗೆ? ಹೂ ಬಿಟ್ಟ ಪಾರ್ಥೇನಿಯಂ ಗಿಡವನ್ನು ಹಾಗೇ ಕಿತ್ತರೆ ನಾಲ್ಕು ಬೀಜ ಉದುರಬಹುದು. ಉದುರದ ಹಾಗೆ ಕೀಳುವುದು ಜಾಣತನ, ಕೀಳದೆ ಬಿಡುವುದು ಜಾಣತನವಲ್ಲ. ಕ್ಯಾನ್ಸರ್ ಕಣಗಳು ಚಲಿಸಲು ನೆರವಾಗುವ ದಾರಿಗಳನ್ನು ಈ ಔಷಧ ಮುಚ್ಚುತ್ತದೆ ಎಂಬುದು ಸಂಶೋಧಕರ ವಿವರಣೆ. ಆದ್ದರಿಂದ ಚಾಕುವಿಗೆ ಹೆದರಿ ಆಪರೇಷನ್ ಬಿಡಬೇಡಿ. ಆ ಮಹಿಳೆಯರನ್ನು ಉಳಿಸಿದ ಮುಖ್ಯ ಚಿಕಿತ್ಸೆ ಆಪರೇಷನ್ನೇ. ಇಂಜೆಕ್ಷನ್ ಅದಕ್ಕೆ ಜೊತೆಯಾಯಿತು, ಅಷ್ಟೆ.

ಇನ್ನು ಆಸ್ಪಿರಿನ್. ತಲೆನೋವಿಗೆ, ಹೃದಯಕ್ಕೆ ಕೊಡುವ ಮಾತ್ರೆ. ಸ್ವೀಡನ್ ಮತ್ತು ಅದರ ನೆರೆಯ ದೇಶಗಳ ಆಸ್ಪತ್ರೆಗಳು ದೊಡ್ಡಕರುಳಿನ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಇದನ್ನು ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದವು. ಗಡ್ಡೆಯಲ್ಲಿ ಒಂದು ಬಗೆಯ ಜೀನ್ ಬದಲಾವಣೆ ಇದ್ದವರು ದಿನಕ್ಕೆ 160 ಮಿಲಿಗ್ರಾಂನಂತೆ ಮೂರು ವರ್ಷ ತೆಗೆದುಕೊಂಡಾಗ, ಕಾಯಿಲೆ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಇದನ್ನು ಕೇಳಿದ ಕೂಡಲೇ ಅಂಗಡಿಗೆ ಓಡಬೇಡಿ! ಅದೇ ಆಸ್ಪಿರಿನ್ನನ್ನು ಅಮೆರಿಕ ಮತ್ತು ಕೆನಡಾದಲ್ಲಿ ಸ್ತನ ಕ್ಯಾನ್ಸರ್ ಆದ 3,020 ಮಂದಿಯಲ್ಲಿ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಬಂತು. ಏನೂ ಪ್ರಯೋಜನ ಕಾಣಲಿಲ್ಲ. ಮಾತ್ರೆ ಒಂದೇ, ಕಾಯಿಲೆ ಬೇರೆ, ಫಲ ಬೇರೆ. ಮೇಲಾಗಿ ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು. ಡಾಕ್ಟರು ಹೇಳದೆ ನುಂಗುವ ಮಾತ್ರೆಯಲ್ಲ ಅದು.

ದನದ ಮಾತ್ರೆಯ ವಿಷಯಕ್ಕೆ ಬರೋಣ. ಆ ಫೆನ್‌ಬೆಂಡಜೋಲ್ ಮನುಷ್ಯರ ಕ್ಯಾನ್ಸರ್ ತಡೆಯುತ್ತದೆಂದು ಇಂಥ ಯಾವ ಪರೀಕ್ಷೆಯೂ ತೋರಿಸಿಲ್ಲ. ಹಾಗೆ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟಾದದ್ದು ಮಾತ್ರ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ದನದ ಮಾತ್ರೆ ದನಕ್ಕಿರಲಿ.

ಹಾಲು ಗಟ್ಟಿಯೋ ನೀರೋ ಎಂದು ನಾವು ಬಾಯಿಮಾತಿನಲ್ಲಿ ನಂಬುವುದಿಲ್ಲ. ಲ್ಯಾಕ್ಟೋಮೀಟರ್ ಇಳಿಸಿ, ಫ್ಯಾಟ್ ನೋಡಿ ದರ ಕಟ್ಟುತ್ತೇವೆ. ಹೆಂಡತಿ ಮಕ್ಕಳ ಬಾಯಿಗೆ ಹಾಕುವ ಔಷಧಕ್ಕೂ ಅಳತೆ ಬೇಡವೇ?

ಇನ್ನೊಂದು ಮಾತು. ಪೇಟೆಂಟ್ ಮುಗಿದ ಅಗ್ಗದ ಔಷಧದಲ್ಲಿ ಕಂಪನಿಗಳಿಗೆ ಹೆಚ್ಚು ಲಾಭವಿಲ್ಲ, ಹಾಗಾಗಿ ಪರೀಕ್ಷೆಗೆ ಹಣ ಹಾಕುವವರೂ ಕಡಿಮೆ. ಟಾಟಾ ಮೆಮೋರಿಯಲ್ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಗೆ ಸೇರಿದ ಸಂಸ್ಥೆ. ನೂರಾರು ತಾಯಂದಿರು ಒಪ್ಪಿ ಮುಂದೆ ಬಂದದ್ದರಿಂದ ಆ ಕೆಲಸ ಆಯಿತು. ಒಬ್ಬರಿಗೆ ಲಾಭವಿಲ್ಲದ್ದನ್ನು ಹಲವರು ಸೇರಿ ಮಾಡುವುದು: ಇದು ಸಹಕಾರವಲ್ಲದೆ ಮತ್ತೇನು?

ತಾಯಂದಿರೇ, ಎದೆಯಲ್ಲಿ ಗಂಟು ಕಂಡರೆ ನಾಚಿಕೆಯಿಂದ ಸೆರಗು ಮುಚ್ಚಿಕೊಂಡು ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇರುವುದು ನಮ್ಮಂಥವರಿಗಾಗಿಯೇ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೆಯಬೇಡಿ. ಲಿಗ್ನೋಕೇನ್ ಇಂಜೆಕ್ಷನ್ ಬಗ್ಗೆ ಆಪರೇಷನ್ನಿಗೆ ಮೊದಲೇ ಸರ್ಜನ್ನರನ್ನು ಕೇಳಿ. ಕೇಳುವುದು ತಪ್ಪಲ್ಲ.

ಆ ರೈತರ ಹೆಂಡತಿಗೆ ಗೊತ್ತಾದ ದಿನವೇ ಆಪರೇಷನ್ ಆಯಿತು. ಮುಂದಿನ ಚಿಕಿತ್ಸೆ ನಡೆಯುತ್ತಿದೆ. ಮೊನ್ನೆ ಅವರೇ ಫೋನ್ ಮಾಡಿ, "ಡೈರಿಗೆ ಹಾಲು ಹಾಕಕ್ಕೆ ಯಾವಾಗಿಂದ ಹೋಗಬಹುದು?" ಎಂದು ಕೇಳಿದರು. ಅದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಈಚೆಗೆ ಕೇಳಿಲ್ಲ.

ಸಂಘ ಬಂಗಾರದ ಹಬ್ಬ ಕಾಣಲಿ, ಅದನ್ನು ನೋಡಲು ನೀವೆಲ್ಲ ಆರೋಗ್ಯವಾಗಿರಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ.